ಶೈಲಿ ಆರಿಸುವ ಮೊದಲು ಟೇಪು ಹಿಡಿಯಿರಿ: ಮುಂಬಯಿ, ಪುಣೆ, ಗೋವಾದ ಮನೆಗಳಿಗೆ ಅಲಂಕಾರದ ಐಡಿಯಾ ಹುಡುಕುವ ಬಗೆ

ಹೊಸ ಫ್ಲ್ಯಾಟಿನ ಕೀಲಿ ಕೈಗೆ ಬರುವ ಹೊತ್ತಿಗೆ ಮನೆಮಂದಿಯ ಫೋನುಗಳಲ್ಲಿ ನೂರಾರು ಸ್ಕ್ರೀನ್‌ಶಾಟ್ ಸೇರಿರುತ್ತವೆ. ಬಣ್ಣಬಣ್ಣದ ಬಟ್ಟೆ, ಕೈಕೆಲಸದ ಬೋಹೊ, ಜಪಾನೂ ಸ್ಕ್ಯಾಂಡಿನೇವಿಯಾವೂ ಬೆರೆತ ಸಾದಾ ಜಪಾಂಡಿ, ಇಟ್ಟಿಗೆ ಕಬ್ಬಿಣ ಬಯಲಾಗಿ ಕಾಣುವ ಇಂಡಸ್ಟ್ರಿಯಲ್, ಜತೆಗೆ ಯಾರದೋ ಗೋವಾ ಬಂಗಲೆ. ಆರು ತಿಂಗಳ ಬಳಿಕ ಮನೆ ನೋಡಿದರೆ ಸುತಾರ, ಅಂದರೆ ಬಡಗಿ, ತಂದ ಕ್ಯಾಟಲಾಗಿನ ಲ್ಯಾಮಿನೇಟ್, ಪಿಒಪಿ ಸೀಲಿಂಗು, ನೀಲಿ ಎಲ್‌ಇಡಿ ಪಟ್ಟಿ. ಚಿತ್ರ ಇಷ್ಟವಾದದ್ದು ನಿಜವೇ. ಅದರಲ್ಲಿ ಇಷ್ಟವಾದದ್ದು ಬಣ್ಣವೋ ಮರವೋ ಬೆಳಕೋ ಎಂದು ಯಾರೂ ಬಿಡಿಸಿ ನೋಡಿರುವುದಿಲ್ಲ. ಬಿಡಿಸಿ ನೋಡುವ ಕ್ರಮ ಗೊತ್ತಿದ್ದರೆ ಈ ಮೂರು ಊರುಗಳಲ್ಲಿ ಐಡಿಯಾಕ್ಕೆ ಬರವಿಲ್ಲ, ಹೆಚ್ಚಿನದು ಲೋಕಲ್ ಟ್ರೈನಿನ ದೂರದಲ್ಲೇ ಸಿಗುತ್ತದೆ.

ಮೊದಲು, ಬದಲಾಗದ್ದರ ಪಟ್ಟಿ

ಚಿತ್ರ ಹುಡುಕುವ ಮುಂಚೆ ಮನೆಯಲ್ಲಿ ಬದಲಾಗದೆ ಉಳಿಯುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ನೆಲದ ಟೈಲ್ಸಿನ ಬಣ್ಣ, ಅಡುಗೆ ಕಟ್ಟೆಯ ಕಲ್ಲು, ಕಿಟಕಿಯ ಅಲ್ಯುಮಿನಿಯಂ ಚೌಕಟ್ಟು, ಸ್ವಿಚ್‌ಬೋರ್ಡ್, ಎಸಿ ಪೈಪು, ಫ್ಯಾನು, ಬಿಡಲಾಗದ ಹಳೆಯ ಕಪಾಟು. ಬಿಲ್ಡರು ಹಾಕಿದ ತಿಳಿ ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್ ಇದ್ದರೆ ನಿಮ್ಮ ಮನೆಯ ಮೊದಲ ಬಣ್ಣ ಆಗಲೇ ತೀರ್ಮಾನವಾದಂತೆ. ಅದರ ಮೇಲೆ ಬೂದುಬಣ್ಣದ ತಣ್ಣನೆಯ ಗೋಡೆ ಬಂದರೆ ನೆಲ ಕೊಳೆಯಾದಂತೆ ಕಾಣುತ್ತದೆ. ಬಣ್ಣ ಬಳಿದ ಮೇಲೆ ಏನೋ ಸರಿಯಿಲ್ಲ ಎನ್ನಿಸುವ ಮನೆಗಳಲ್ಲಿ ತೊಂದರೆ ಬಹುಪಾಲು ಇಷ್ಟೇ.

ಆಮೇಲೆ ಅಳತೆ. ಪ್ರತಿ ಗೋಡೆಯ ಉದ್ದ, ನೆಲದಿಂದ ಕಿಟಕಿಯ ಕೆಳಅಂಚಿಗೆ ಎಷ್ಟು, ಕಿಟಕಿಯ ಮೇಲಂಚಿನಿಂದ ಸೀಲಿಂಗಿಗೆ ಎಷ್ಟು, ಬಾಗಿಲು ಯಾವ ಕಡೆಗೆ ತೆರೆಯುತ್ತದೆ. ಮನೆಯ ಹೊರಗೂ ಅಳೆಯಿರಿ: ಲಿಫ್ಟಿನ ಬಾಗಿಲ ಅಗಲ, ಒಳಗಿನ ಎತ್ತರ ಮತ್ತು ಮೂಲೆಯಿಂದ ಮೂಲೆಗೆ ಓರೆ ಅಳತೆ, ಮೆಟ್ಟಿಲು ತಿರುಗುವ ಜಾಗ. ದಾದರ್, ಗಿರಗಾಂವಿನ ಹಳೆಯ ಕಟ್ಟಡಗಳಲ್ಲಿ ಏಳಡಿ ಸೋಫಾ ಮಹಡಿ ಹತ್ತದೆ ಕೆಳಗೇ ಉಳಿಯುವುದು ಈ ಅಳತೆ ಇಲ್ಲದ್ದಕ್ಕೆ. ಅಂಥಲ್ಲಿ ಬಿಚ್ಚಿ ಜೋಡಿಸುವ ಸೋಫಾ, ಇಲ್ಲವೇ ಎರಡು ಬಿಡಿ ಭಾಗದ್ದು ಮಾತ್ರ ನೋಡಬೇಕು.

ಬೆಳಕನ್ನೂ ದಾಖಲಿಸಿ. ಒಂದೇ ಜಾಗದಲ್ಲಿ ನಿಂತು ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 1ಕ್ಕೆ, ಸಂಜೆ 5ಕ್ಕೆ ಲೈಟು ಹಾಕದೆ ಫೋಟೋ ತೆಗೆಯಿರಿ. ಪಡುವಣ ಕಿಟಕಿಯ ಕೋಣೆಗೆ ಮಧ್ಯಾಹ್ನದ ಮೇಲೆ ಬರುವ ಹಳದಿ ಬಿಸಿಲಿನಲ್ಲಿ ತಿಳಿ ಹಸಿರು ಬಾಡಿದಂತೆ ಕಾಣುತ್ತದೆ, ಬಿಳಿ ಕೆನೆಯಾಗುತ್ತದೆ. ಎದುರು ಕಟ್ಟಡ ಹತ್ತಡಿ ದೂರದಲ್ಲಿದ್ದರೆ ನಿಮ್ಮ ಗೋಡೆಗೆ ಬೀಳುವುದು ಅದರ ಬಣ್ಣ ಬೆರೆತ ಬೆಳಕು.

ಫೋಟೋಗಳಲ್ಲಿ ಎಂದೂ ಕಾಣದ, ಆದರೆ ನಮ್ಮ ಮನೆಗಳಲ್ಲಿ ಇದ್ದೇ ಇರುವ ಮೂರು ಸಂಗತಿಗಳಿಗೆ ಇದೇ ಹಾಳೆಯಲ್ಲಿ ಜಾಗ ಗುರುತು ಮಾಡಿ. ಒಂದು, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು. ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಹಾಲಿನ ಫ್ಯಾನಿನಡಿ ಸುಮಾರು ಎರಡಡಿಗೆ ಐದಡಿ ಜಾಗ ಹಿಡಿಯುತ್ತದೆ. ಎರಡು, ಚಪ್ಪಲಿ. ಮೂರು, ದೇವರು. ಕಪಾಟಿನ ನಡುವಿನ ಅರೆಯಲ್ಲಿ ದೇವರಿಟ್ಟು ದೀಪ ಹಚ್ಚಿದರೆ ಮೇಲಿನ ಹಲಗೆಯ ಲ್ಯಾಮಿನೇಟ್ ಕಪ್ಪಾಗಿ ಗುಳ್ಳೆ ಏಳುತ್ತದೆ. ದೀಪದ ಕುಡಿಯಿಂದ ಮೇಲೆ ಎರಡರಿಂದ ಮೂರಡಿ ಖಾಲಿ ಬಿಡಿ, ಕೆಳಗೆ ಒಂದಡಿ ಚೌಕದ ಕಲ್ಲು ಅಥವಾ ಟೈಲ್ಸ್ ಹಾಸಿ, ಪರದೆ ಹಾರಿ ಬರುವ ಜಾಗ ಬೇಡ.

ಚಿತ್ರ ಕೂಡಿಸಿ, ಆಮೇಲೆ ಕಳೆಯಿರಿ

ಪಿಂಟರೆಸ್ಟ್, ಇನ್‌ಸ್ಟಾಗ್ರಾಮ್, ಪತ್ರಿಕೆ, ನೆಂಟರ ಮನೆ, ಹೋಟೆಲಿನ ಲಾಬಿ, ಎಲ್ಲಿಂದಾದರೂ ಸರಿ, ಎರಡು ವಾರ ಕೂಡಿಸಿ. ಮೂವತ್ತಕ್ಕೆ ನಿಲ್ಲಿಸಿ. ಹುಡುಕುವಾಗ ಶೈಲಿಯ ಹೆಸರಿನ ಜತೆ ನಿಮ್ಮ ಊರಿನ ಹೆಸರನ್ನೂ ಕೋಣೆಯ ಅಳತೆಯನ್ನೂ ಸೇರಿಸಿದರೆ ಅಮೆರಿಕದ ಹನ್ನೆರಡಡಿ ಎತ್ತರದ ಹಾಲುಗಳು ಕಡಿಮೆಯಾಗಿ ನಮ್ಮಂಥ ಒಂಬತ್ತು, ಒಂಬತ್ತೂವರೆ ಅಡಿಯ ಕೋಣೆಗಳು ಮೇಲೆ ಬರುತ್ತವೆ.

ಮೂವತ್ತನ್ನು ಒಂಬತ್ತಕ್ಕೆ ಇಳಿಸುವುದು ಮುಂದಿನ ಕೆಲಸ. ಫ್ಯಾನು, ಗ್ರಿಲ್ಲು, ಸ್ವಿಚ್ಚು ಮೂರೂ ಕಾಣದ ಚಿತ್ರವನ್ನು ಅನುಮಾನದಿಂದ ನೋಡಿ. ವೈಡ್ ಆ್ಯಂಗಲ್ ಲೆನ್ಸಿನಲ್ಲಿ ತೆಗೆದ ಚಿತ್ರದಲ್ಲಿ ಹತ್ತಡಿ ಕೋಣೆ ಹದಿನಾರಡಿಯಂತೆ ಕಾಣುತ್ತದೆ. ಅಂಚಿನಲ್ಲಿರುವ ಕುರ್ಚಿ ಅಥವಾ ದಿಂಬು ಅಡ್ಡಕ್ಕೆ ಎಳೆದಂತಿದ್ದರೆ ಅದೇ ಗುರುತು.

ಉಳಿದ ಒಂಬತ್ತರ ಪ್ರತಿಯೊಂದರ ಪಕ್ಕ ಐದು ಮಾತು ಬರೆಯಿರಿ: ಬಣ್ಣ, ವಸ್ತು, ಆಕಾರ, ಬೆಳಕು, ಖಾಲಿ ಜಾಗ. "ಚೆನ್ನಾಗಿದೆ" ಎಂದು ಬರೆದರೆ ಉಪಯೋಗವಿಲ್ಲ. "ಮೇಜಿನ ಮೂಲೆ ದುಂಡಗಿದೆ", "ಗೋಡೆಯ ಕೆಳಗಿನ ಮೂರಡಿಗೆ ಬೇರೆ ಬಣ್ಣ", "ದೀಪ ಕಣ್ಣಿನ ಮಟ್ಟಕ್ಕಿಂತ ಕೆಳಗಿದೆ" ಎಂಬಷ್ಟು ನಿಖರವಾಗಿರಲಿ. ಒಂಬತ್ತರಲ್ಲಿ ಐದು ಕಡೆ ಮತ್ತೆ ಮತ್ತೆ ಬಂದದ್ದೇ ನಿಮ್ಮ ರುಚಿ. ಎಷ್ಟೋ ಸಲ ಚಿತ್ರಗಳ ಶೈಲಿ ಬೇರೆ ಬೇರೆ ಇದ್ದರೂ ಎಲ್ಲದರಲ್ಲೂ ಬೆತ್ತದ ಹೆಣಿಗೆ ಇರುತ್ತದೆ, ಅಥವಾ ಎಲ್ಲ ಕೋಣೆಗಳಲ್ಲೂ ಪೀಠೋಪಕರಣ ತಗ್ಗಾಗಿರುತ್ತದೆ. ಮನೆಮಂದಿ ಎಲ್ಲರೂ ಇದನ್ನು ಬೇರೆ ಬೇರೆಯಾಗಿ ಮಾಡಿ ಆಮೇಲೆ ಹಾಳೆ ಹೋಲಿಸಿದರೆ ಜಗಳ ಅರ್ಧ ಕಡಿಮೆ. ಅತ್ತೆಗೆ ಬೇಕಾದದ್ದು ಸಾಗುವಾನಿಯ ಬಣ್ಣ, ಸೊಸೆಗೆ ಬೇಕಾದದ್ದು ತೆಳ್ಳನೆಯ ಕಾಲು. ಎರಡೂ ಒಂದೇ ಕುರ್ಚಿಯಲ್ಲಿ ಇರಬಹುದು.

ಕಣ್ಣಾರೆ ನೋಡಬೇಕಾದ ಶೈಲಿಗಳು

ಮುಂಬಯಿಯವರು 1930ರ ದಶಕದಲ್ಲಿ ಇಲ್ಲಿ ಹಬ್ಬಿದ ಕಟ್ಟಡ ಶೈಲಿ ಆರ್ಟ್ ಡೆಕೊದಿಂದ ಶುರು ಮಾಡಬೇಕು, ಟಿಕೆಟ್ಟಿಲ್ಲದ ಪ್ರದರ್ಶನ ಅದು. ಚರ್ಚ್‌ಗೇಟಿನಲ್ಲಿ ಇಳಿದರೆ ಎದುರಿಗೇ 1938ರ ಇರೋಸ್ ಚಿತ್ರಮಂದಿರ. ಅಲ್ಲಿಂದ ಓವಲ್ ಮೈದಾನದ ಪಡುವಣ ಬದಿಯ ಕಟ್ಟಡಗಳ ಸಾಲು, ಆಮೇಲೆ ಮರೀನ್ ಡ್ರೈವ್. ಮೈದಾನದ ಮೂಡಣ ಬದಿಯಲ್ಲಿ ಹೈಕೋರ್ಟು, ರಾಜಾಬಾಯಿ ಗೋಪುರದ ವಿಕ್ಟೋರಿಯನ್ ಗಾಥಿಕ್, ಅಂದರೆ ಬ್ರಿಟಿಷರ ಕಾಲದ ಚೂಪು ಕಮಾನಿನ ಶೈಲಿ. ಈ ಎರಡೂ ಸೇರಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಪಡುವಣ ಸಾಲಿನ ಮುಖ ಮೂಡಣಕ್ಕಿರುವುದರಿಂದ ಬೆಳಿಗ್ಗೆ ಹೋಗಿ, ಬಿಸಿಲು ನೇರ ಬಿದ್ದು ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ.

ಅಲ್ಲಿ ಗಮನಿಸಬೇಕಾದ ಭಾಗಗಳು ಇವು: ದುಂಡಗೆ ತಿರುಗುವ ಬಾಲ್ಕನಿ ಮೂಲೆ, ಜತೆಜತೆಯಾಗಿ ಓಡುವ ಮೂರು ಗೆರೆಗಳು, ಮೆಟ್ಟಿಲು ಮೆಟ್ಟಿಲಾಗಿ ಏರುವ ತುದಿ, ಸೂರ್ಯಕಿರಣದಂತೆ ಬಿಚ್ಚಿಕೊಂಡ ಗೇಟಿನ ಕಬ್ಬಿಣ, ಕಿಟಕಿಯ ಮೇಲೆ ಹುಬ್ಬಿನಂತೆ ಚಾಚಿದ ಸಜ್ಜೆ, ಗೇಟಿನ ಮೇಲೆ ಕಟ್ಟಡದ ಹೆಸರು ಬರೆದ ಅಕ್ಷರಗಳ ಮಾಟ. ಆ ಸಜ್ಜೆ ಇರುವುದು ಚೆಂದಕ್ಕಷ್ಟೇ ಎಂದುಕೊಳ್ಳಬೇಡಿ, ಮಳೆ ಬಿಸಿಲು ಎರಡನ್ನೂ ಅದು ತಡೆಯುತ್ತದೆ. ಒಳಗೆ ನೆಲ ನೋಡುವ ಅವಕಾಶ ಸಿಕ್ಕರೆ ಟೆರಾಜೊ (ಸಿಮೆಂಟಿಗೆ ಕಲ್ಲುಚೂರು ಬೆರೆಸಿ ಉಜ್ಜಿದ) ನೆಲಕ್ಕೆ ಸುತ್ತ ಹಾಕಿದ ಗಾಢ ಬಣ್ಣದ ಅಂಚನ್ನು ಬಿಡದೆ ನೋಡಿ. ವಾಸದ ಕಟ್ಟಡಗಳ ಒಳಗೆ ಕೇಳದೆ ನುಗ್ಗಬಾರದು, ವಾಚ್‌ಮನ್ ಬಿಡುವುದೂ ಇಲ್ಲ.

ಇದನ್ನು ಮನೆಗೆ ತರುವುದು ಸುಲಭ. ಟಿವಿ ಯೂನಿಟ್ಟಿನ ಎರಡು ಮೂಲೆ ದುಂಡಗೆ ಮಾಡಿಸಿ, ಬಾಗಿಲಿಗೆ ಮೂರು ಅಡ್ಡಗೆರೆ ಕೊರೆಸಿ, ಗೀರುಗಾಜು ಹಾಕಿಸಿ. ದುಂಡು ಮೂಲೆಗೆ ಸುತಾರ ಬಾಗುವ ಪ್ಲೈ ತರಬೇಕು. ಸಾಮಾನ್ಯ ಪ್ಲೈಗೆ ಹಿಂದಿನಿಂದ ಗೀರು ಹಾಕಿ ಬಗ್ಗಿಸಿದರೆ ಕೆಲವು ತಿಂಗಳಲ್ಲಿ ಲ್ಯಾಮಿನೇಟಿನ ಮೇಲೆ ಆ ಗೀರುಗಳು ಪಟ್ಟೆ ಪಟ್ಟೆಯಾಗಿ ಎದ್ದು ಕಾಣುತ್ತವೆ.

ಹಳೆಯ ಮುಂಬಯಿಯ ನೆಲ ಬೇಕೆಂದರೆ ಬಣ್ಣದ ಸಿಮೆಂಟ್ ಟೈಲ್ಸ್ ಇವೆ. 1922ರಲ್ಲಿ ಸ್ವದೇಶಿಯ ಹುಮ್ಮಸ್ಸಿನಲ್ಲಿ ಶುರುವಾದ ಭಾರತ್ ಫ್ಲೋರಿಂಗ್ಸ್ ಇಂದಿಗೂ ಮಾಡುತ್ತದೆ. ಇಡೀ ಮನೆಗೆ ಬೇಡ, ಮೂರಡಿಗೆ ಐದಡಿ ಬಾಲ್ಕನಿಗೆ ಹಾಕಿ ನೋಡಿ. ಎಂಟಿಂಚಿನ ಚೌಕದ ಟೈಲ್ಸ್ ಆದರೆ 34 ಬೇಕು, ಒಡೆಯುವುದು ಕತ್ತರಿಸುವುದು ಸೇರಿ 38 ತರಿಸಿ. ಇವು ಮಾಮೂಲಿ ಟೈಲ್ಸಿಗಿಂತ ದಪ್ಪ. ಹಳೆ ನೆಲದ ಮೇಲೆ ಗಾರೆ ಹಾಕಿ ಕೂರಿಸಿದರೆ ನೆಲ ಒಂದೂವರೆ ಇಂಚಿನಷ್ಟು ಏರಿ ಬಾಗಿಲು ಉಜ್ಜುತ್ತದೆ, ಬಾಲ್ಕನಿಯ ನೀರು ಹಾಲಿಗೆ ಬರುತ್ತದೆ. ಇಳಿಜಾರು ನೀರು ಹೋಗುವ ತೂತಿನ ಕಡೆಗಿದೆಯೇ ಎಂದು ಒಂದು ಚೊಂಬು ನೀರು ಸುರಿದು ನೋಡಿಯೇ ಕೆಲಸದವರಿಗೆ ದುಡ್ಡು ಕೊಡಿ. ಸೀಲರ್ ಬಳಿಯದಿದ್ದರೆ ಅರಿಶಿನ, ಎಣ್ಣೆ ಇಳಿದು ಕಲೆಯಾಗುತ್ತದೆ. ಆ್ಯಸಿಡ್ ಹಾಕಿ ತೊಳೆದರೆ ಬಣ್ಣವೇ ಕಿತ್ತುಬರುತ್ತದೆ, ಮನೆಕೆಲಸದಾಕೆಗೆ ಇದನ್ನು ಮೊದಲ ದಿನವೇ ಹೇಳಿಡಬೇಕು.

ಪುಣೆಯಲ್ಲಿ ವಾಡೆಗಳನ್ನು, ಅಂದರೆ ನಡುವೆ ಚೌಕದ ಅಂಗಳವಿರುವ ಹಳೆಯ ದೊಡ್ಡ ಮನೆಗಳನ್ನು ನೋಡಿ. ಪೇಶ್ವೆ ಎರಡನೆಯ ಬಾಜೀರಾಯ ಕಟ್ಟಿಸಿದ 1807ರ ವಿಶ್ರಾಮಬಾಗ್ ವಾಡೆಯ ಮುಂಭಾಗದಲ್ಲಿ ಸುರು (ಸೈಪ್ರೆಸ್) ಮರದ ಆಕಾರಕ್ಕೆ ಕೆತ್ತಿದ ಕಂಬಗಳಿವೆ. ಕೇಳಕರ್ ಮ್ಯೂಸಿಯಂ ಇನ್ನೂ ಉಪಯೋಗದ್ದು. ಅಲ್ಲಿ ರಾಜರ ಸಿಂಹಾಸನಕ್ಕಿಂತ ಮನೆಬಳಕೆಯ ವಸ್ತುಗಳೇ ಹೆಚ್ಚು: ದೀಪ, ಬಾಗಿಲು, ಅಡಕತ್ತರಿ, ಅಡುಗೆ ಪಾತ್ರೆ. ಒಂದು ತೂಗುದೀಪದ ಮುಂದೆ ಹತ್ತು ನಿಮಿಷ ನಿಂತು ಸರಪಳಿಯ ಕೊಂಡಿ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡಿದವರಿಗೆ ಅಂಗಡಿಯ ಅಗ್ಗದ ನಕಲು ಕಣ್ಣಿಗೆ ಹಿಡಿಸುವುದಿಲ್ಲ.

ವಾಡೆಯ ಗುಟ್ಟು ಕೆತ್ತನೆಯಲ್ಲಿದೆ ಎಂದುಕೊಂಡು ಕೆತ್ತಿದ ಪ್ಯಾನೆಲ್ ತಂದು ಮೂರು ಗೋಡೆಗೆ ಹೊಡೆಸುವವರಿದ್ದಾರೆ. ಅದು ಮದುವೆ ಹಾಲಿನಂತಾಗುತ್ತದೆ. ವಾಡೆಯಲ್ಲಿ ಕಪ್ಪು ಮರದ ಪಕ್ಕ ಯಾವಾಗಲೂ ಸುಣ್ಣದ ಬಿಳಿ ಗೋಡೆ ಇರುತ್ತದೆ, ಗೋಡೆಯಲ್ಲಿ ಗೂಡುಗಳಿರುತ್ತವೆ, ಬೆಳಕು ಚೌಕದಿಂದ ಬರುತ್ತದೆ. ಫ್ಲ್ಯಾಟಿಗೆ ಒಂದು ಹಳೆಯ ಕಂಬವೋ ಬಾಗಿಲವಾಡವೋ ಸಾಕು, ಉಳಿದದ್ದು ಬಿಳಿ ಇರಲಿ.

ತೂಗುಮಣೆ ಎಲ್ಲರಿಗೂ ಬೇಕು. ಲೆಕ್ಕ ಹಾಕಿ: ಮಣೆ ಎರಡಡಿ ಅಗಲ, ಮುಂದೆ ಮೂರಡಿ, ಹಿಂದೆ ಮೂರಡಿ, ಒಟ್ಟು ಎಂಟಡಿ ಖಾಲಿ ಜಾಗ. ಹತ್ತಡಿ ಹಾಲಿನಲ್ಲಿ ಅದು ದಾರಿಗೆ ಅಡ್ಡ. ಕೊಕ್ಕೆ ಫಾಲ್ಸ್ ಸೀಲಿಂಗಿಗೆ ಹಾಕುವಂತೆಯೇ ಇಲ್ಲ, ಆರ್‌ಸಿಸಿ ಸ್ಲ್ಯಾಬಿಗೆ ಆ್ಯಂಕರ್ ಹಾಕಬೇಕು. ತೂಗುವಾಗ ಬೀಳುವ ಭಾರ ಕೂತವರ ತೂಕಕ್ಕಿಂತ ಎಷ್ಟೋ ಹೆಚ್ಚು. ಹಳೆ ಕಟ್ಟಡದ ಸ್ಲ್ಯಾಬಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಪ್ಲಾಸ್ಟರ್ ಉಬ್ಬಿದ್ದರೆ ಆ ಆಸೆ ಬಿಟ್ಟು ಸ್ಟ್ಯಾಂಡಿನ ತೂಗುಮಣೆ ತನ್ನಿ. ಮಣೆಯ ಎತ್ತರ 17-18 ಇಂಚು ಇದ್ದರೆ ಅಜ್ಜಿಯ ಕಾಲು ನೆಲ ಮುಟ್ಟುತ್ತದೆ.

ಪುಣೆಯಲ್ಲೇ ಕಸಬಾ ಪೇಟೆಯ ತಾಂಬಟ್ ಆಳಿ, ಅಂದರೆ ತಾಮ್ರಗಾರರ ಕೇರಿ, ಬಿಡಬೇಡಿ. ತಾಮ್ರಕ್ಕೆ ಸುತ್ತಿಗೆಯಿಂದ ಒಂದೇ ಅಳತೆಯ ಗುಳಿ ಬಡಿಯುವ ಮಠಾರ್ ಕೆಲಸ ಅಲ್ಲಿಯದು. ಬೆಳಕು ಬಿದ್ದಾಗ ಆ ಗುಳಿಗಳು ಒಂದೊಂದೂ ಬೇರೆಯಾಗಿ ಮಿನುಗುತ್ತವೆ, ಹಾಗಾಗಿ ದೀಪದ ಬುರುಡೆಗೆ, ಹೂಕುಂಡಕ್ಕೆ ಅದು ಹೇಳಿಮಾಡಿಸಿದ್ದು. ಹೊಳಪು ಕೆಡದಂತೆ ಲ್ಯಾಕರ್ ಬಳಿದ ತಾಮ್ರದಲ್ಲಿ ನೀರು ಕುಡಿಯಬಾರದು, ಕೊಳ್ಳುವಾಗಲೇ ಯಾವುದಕ್ಕೆಂದು ಹೇಳಿ.

ಗೋವಾದ ಇಂಡೋ-ಪೋರ್ಚುಗೀಸ್ ಮನೆಗಳಿಗೆ ಒಂದು ವಾರಾಂತ್ಯ ಕೊಡಿ. ಪಣಜಿಯ ಫೊಂತೈನ್ಯಾಸ್‌ನಲ್ಲಿ ಬಣ್ಣ ನೋಡಬಹುದು, ಚಾಂದೊರಿನ ಬ್ರಗಾಂಜಾ ಮನೆ, ಲೊಟಲಿಯ ಫಿಗೆರೆದೊ ಮನೆಗಳಲ್ಲಿ ಒಳಾಂಗಣ ನೋಡಬಹುದು. ಪರ್ವರಿ ಬಳಿಯ ತೊರ್ಡಾದಲ್ಲಿ 'ಹೌಸಸ್ ಆಫ್ ಗೋವಾ' ಎಂಬ ಮ್ಯೂಸಿಯಂ ಈ ಮನೆಗಳ ಭಾಗಗಳನ್ನು ಬಿಡಿಬಿಡಿಯಾಗಿ ವಿವರಿಸುತ್ತದೆ. ಮನೆ ನೋಡುವ ಮುಂಚೆ ಅಲ್ಲಿಗೆ ಹೋದರೆ ಕಣ್ಣು ಪಳಗುತ್ತದೆ. ಫೊಂತೈನ್ಯಾಸ್ ಜನ ವಾಸಿಸುವ ಕೇರಿ. ಕಿಟಕಿಯೊಳಗೆ ಕ್ಯಾಮೆರಾ ತೂರಿಸಬೇಡಿ, ಖಾಸಗಿ ಮನೆಗಳಿಗೆ ಮೊದಲೇ ಫೋನ್ ಮಾಡಿ ಹೋಗಿ.

ಅಲ್ಲಿಂದ ತರಬಹುದಾದ ಮೊದಲನೆಯದು ಗಾಢ ಬಣ್ಣದ ಗೋಡೆಗೆ ಕಿಟಕಿ ಬಾಗಿಲ ಸುತ್ತ ಬಿಳಿ ಪಟ್ಟಿ. ಕಾವಿ, ಕಡುನೀಲಿ, ಹಳದಿ ಯಾವುದೇ ಇರಲಿ, ಪಟ್ಟಿ ಎರಡೂವರೆಯಿಂದ ಮೂರಿಂಚು ಇರಲಿ. ಪೇಂಟರು ಟೇಪು ಅಂಟಿಸಿ ಬಳಿದ ಮೇಲೆ ಬಣ್ಣ ಪೂರ್ತಿ ಒಣಗುವ ಮುಂಚೆ ಟೇಪು ಕೀಳಬೇಕು, ಮರುದಿನಕ್ಕೆ ಬಿಟ್ಟರೆ ಅಂಚು ಸಿಪ್ಪೆಯಾಗಿ ಏಳುತ್ತದೆ. ಎರಡನೆಯದು ಬಲ್ಕಾಂವ್, ಅಂದರೆ ಮುಂಬಾಗಿಲ ಮುಂದೆ ಎದುರುಬದುರು ಕಲ್ಲಿನ ಆಸನ. ನಮ್ಮ ಜಗಲಿಯ ನೆಂಟ. ನಾಲ್ಕಡಿ ಬಾಲ್ಕನಿಯಲ್ಲೂ ಒಂದಡಿ ಆಳದ ಎರಡು ಕಟ್ಟೆ ಎದುರುಬದುರು ಇಟ್ಟರೆ ಮೊಣಕಾಲಿಗೆ ಎರಡಡಿ ಉಳಿಯುತ್ತದೆ, ಸಂಜೆಯ ಕಾಫಿಗೆ ಸಾಕು. ಮೂರನೆಯದು ಸಿಂಪಿ ಕಿಟಕಿ. ಚಪ್ಪಟೆ ಸಿಂಪಿಯ ಹಾಳೆಗಳನ್ನು ಮರದ ಚೌಕಟ್ಟಿಗೆ ಕೂರಿಸಿದ್ದು, ಹಾಲಿನಂಥ ಬೆಳಕು ಕೊಡುತ್ತದೆ. ಮೂಲದ್ದನ್ನು ಹುಡುಕಿ ದಣಿಯುವುದಕ್ಕಿಂತ ಮಂಜುಗಾಜಿನ ಚಿಕ್ಕ ಚಿಕ್ಕ ಚೌಕ ಹಾಕಿಸಿದರೆ ಬೆಳಕು ಹೆಚ್ಚುಕಡಿಮೆ ಅದೇ. ಪಣಜಿಯ ಮೆನೆಜಿಸ್ ಬ್ರಗಾಂಜಾ ಸಂಸ್ಥೆಯ ಪ್ರವೇಶದ ಗೋಡೆಯಲ್ಲಿ ನೀಲಿ ಬಿಳಿ ಅಜುಲೆಜು ಟೈಲ್ಸ್ ಇವೆ. ಅದನ್ನು ನೋಡಿದರೆ ಅಡುಗೆಮನೆಯ ಒಂದು ಗೋಡೆಗೆ ನೀಲಿ ಎಷ್ಟು ಹಿಡಿಸೀತು ಎಂದು ಅಂದಾಜು ಸಿಗುತ್ತದೆ.

ಗೋವಾದ ಮನೆಗಳ ಮಾಡು ನೋಡಿದರೆ ಕರಾವಳಿಯ ನಮ್ಮವರಿಗೆ ಪರಿಚಯದ ಹಂಚು ಕಾಣುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಹಂಚು ಕರಾವಳಿಯುದ್ದಕ್ಕೂ ಹೋಯಿತು. ಕಾವಿ ಕಲೆಯೂ ಹಾಗೆ, ಸುಣ್ಣದ ಗೋಡೆಯ ಮೇಲೆ ಕೆಂಪು ಬಳಿದು ಮೊನೆಯಿಂದ ಕೆರೆದು ಬಿಳಿ ಮೂಡಿಸುವ ಈ ಕೆಲಸ ಗೋವಾದ ದೇವಸ್ಥಾನಗಳಲ್ಲೂ ಉತ್ತರ ಕನ್ನಡ, ಉಡುಪಿಯ ಕಡೆಯೂ ಇದೆ. ಆದರೂ ಐಡಿಯಾ ಹುಡುಕುವವರು ತಮ್ಮ ಊರಿನ ಮನೆಯನ್ನೇ ಪಟ್ಟಿಯಿಂದ ಬಿಟ್ಟಿರುತ್ತಾರೆ. ಮೇ ರಜೆಗೆ ಊರಿಗೆ ಹೋದಾಗ ಚಾವಡಿಯ ಕಂಬದ ಸುತ್ತಳತೆ, ಮುಚ್ಚಿಗೆಯ ಹಲಗೆ ಎಷ್ಟೆಷ್ಟು ಅಗಲ, ಕಾವಿ ನೆಲದ ಅಂಚು, ಕಿಟಕಿಯ ಸರಳಿನ ಅಂತರ, ಎಲ್ಲವನ್ನೂ ಟೇಪು ಇಟ್ಟು ಫೋಟೋ ತೆಗೆಯಿರಿ. ಅಟ್ಟದಲ್ಲಿ ಕಳಸೆ, ಮರಿಗೆ, ಪತ್ತಾಯ ಬಿದ್ದಿರಬಹುದು. ಪತ್ತಾಯಕ್ಕೆ ಗಾಜು ಹಾಕಿದರೆ ಟೀಪಾಯಿ.

ಊರಿನ ಮರ ತರುವ ಮುಂಚೆ ಹುಳ ನೋಡಿ. ಮರವನ್ನು ಕಪ್ಪು ಹಾಳೆಯ ಮೇಲೆ ಎರಡು ದಿನ ಇಟ್ಟು ತಟ್ಟಿ, ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಕುಟ್ಟೆ ಇದೆ. ಮರದ ಹುಳದ ಔಷಧಿಯನ್ನು ಸಿರಿಂಜಿನಿಂದ ಪ್ರತಿ ತೂತಿಗೂ ಬಿಟ್ಟು, ಪ್ಲಾಸ್ಟಿಕ್ ಸುತ್ತಿ ಕೆಲವು ದಿನ ಹೊರಗಿಡಿ. ಆಮೇಲೆ ತೂತು ಮುಚ್ಚಿ ಒಂದು ತಿಂಗಳು ಹೊಸ ಪುಡಿ ಬರುತ್ತದೆಯೇ ಕಾಯಿರಿ. ಕಾಯದೆ ತಂದರೆ ಹೊಸ ಕಪಾಟಿಗೂ ಹಬ್ಬುತ್ತದೆ.

ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಗುಳೇದಗುಡ್ಡ ಖಣ, ನವಲಗುಂದ ಜಮಖಾನ ಕೈಗೆಟಕುವ ಶೈಲಿ. ಖಣದ ಬಟ್ಟೆ ತೆಳು, ಅಗಲವೂ ಕಡಿಮೆ, ಅಸ್ತರು ಕೊಡದೆ ದಿಂಬಿಗೆ ಹೊಲಿದರೆ ಹೊಲಿಗೆಯ ಹತ್ತಿರ ಬಿರಿಯುತ್ತದೆ. ಮುಂಭಾಗಕ್ಕೆ ಖಣ, ಹಿಂಭಾಗಕ್ಕೆ ಸಾದಾ ಹತ್ತಿ ಸಾಕು. ಪಡುವಣ ಕಿಟಕಿಯ ಬಳಿ ಇಟ್ಟರೆ ಬಣ್ಣ ಮಾಸುತ್ತದೆ.

ಇನ್ನು ಮಿನಿಮಲ್, ಸ್ಕ್ಯಾಂಡಿನೇವಿಯನ್, ಜಪಾಂಡಿ. ಇವಕ್ಕೆ ಸ್ವೀಡನ್ನಿಗೆ ಹೋಗಬೇಕಿಲ್ಲ. ಗಾಮ್‌ದೇವಿಯ ಮಣಿಭವನದಲ್ಲಿ, 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಕೋಣೆಯನ್ನು ನೋಡಿದರೆ ತಗ್ಗಿನ ಆಸನ, ಬಿಳಿ ಹಾಸು, ಖಾಲಿ ಗೋಡೆ ಎಷ್ಟು ಕೆಲಸ ಮಾಡುತ್ತವೆ ಎಂದು ತಿಳಿಯುತ್ತದೆ. ನವಿ ಮುಂಬಯಿಯ ತುರ್ಭೆಯಲ್ಲಿರುವ ಸ್ವೀಡನ್ ಮೂಲದ ಪೀಠೋಪಕರಣ ಮಳಿಗೆ ಐಕಿಯಾದಲ್ಲಿ ಸಣ್ಣ ಮನೆಗಳ ಮಾದರಿ ಕೋಣೆಗಳಿವೆ. ಕೊಳ್ಳದಿದ್ದರೂ ಟೇಪು ಹಿಡಿದು ಹೋಗಿ, ಸೋಫಾಕ್ಕೂ ಟೀಪಾಯಿಗೂ ನಡುವೆ 16-18 ಇಂಚು, ನಡೆಯುವ ದಾರಿಗೆ 30-36 ಇಂಚು ಎಂಬ ಲೆಕ್ಕವನ್ನು ಕಾಲಿಂದಲೇ ನಡೆದು ತಿಳಿಯಬಹುದು. ಒಂದು ಮಾತು: ತೆರೆದ ಶೆಲ್ಫು ಮುಂಬಯಿಯ ಧೂಳಿಗೂ ನಮ್ಮ ಒಗ್ಗರಣೆಗೂ ಆಗಿಬರುವುದಿಲ್ಲ. ಅಡುಗೆಮನೆ ಹಾಲಿಗೆ ತೆರೆದುಕೊಂಡಿದ್ದರೆ ಬಿಳಿ ಸೋಫಾದ ಮೇಲೆ ವರ್ಷದೊಳಗೆ ಎಣ್ಣೆಯ ಜಿಗುಟು. ಗಾಜಿನ ಬಾಗಿಲು ಹಾಕಿಸಿ.

ಇಂಡಸ್ಟ್ರಿಯಲ್ ಬೇಕಾದವರು ಲೋವರ್ ಪರೇಲಿನ ಹಳೆ ಮಿಲ್ಲುಗಳ ಕಡೆ, ಉದಾಹರಣೆಗೆ ರಘುವಂಶಿ ಮಿಲ್ಸಿನ ಆವರಣದ ಅಂಗಡಿಗಳಿಗೆ ಹೋಗಿ ಬನ್ನಿ. ಇಟ್ಟಿಗೆ ಗೋಡೆ ಕಾಣಲೆಂದು ಫ್ಲ್ಯಾಟಿನ ಪ್ಲಾಸ್ಟರ್ ಕಿತ್ತರೆ ಒಳಗೆ ಸಿಗುವುದು ಸಿಮೆಂಟ್ ಬ್ಲಾಕು ಅಥವಾ ಕಾಂಕ್ರೀಟು.

ಬಜಾರಿಗೆ ಹೋಗುವಾಗ

ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ಶುಕ್ರವಾರ ರಜೆ. ಅಂದು ರಸ್ತೆಯ ಮೇಲೆ ಹಳೆ ಸಾಮಾನಿನ ಸಂತೆ. ಪುಣೆಯ ಜೂನಾ ಬಜಾರ್ ಬುಧವಾರ ಮತ್ತು ಭಾನುವಾರ. ಗೋವಾದಲ್ಲಿ ಮಾಪುಸಾ ಸಂತೆ ಶುಕ್ರವಾರ. ಜೋಗೇಶ್ವರಿಯ ಓಶಿವಾರಾದಲ್ಲಿ ಹಳೆಯ ಮತ್ತು ಹಳೆಯದರಂತೆ ಮಾಡಿದ ಪೀಠೋಪಕರಣ, ಲೋಹಾರ್ ಚಾಳಿನಲ್ಲಿ ದೀಪ ಮತ್ತು ವೈರಿಂಗ್ ಸಾಮಾನು, ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಬಟ್ಟೆ, ಧಾರಾವಿಯ ಕುಂಭಾರವಾಡೆಯಲ್ಲಿ ಮಣ್ಣಿನ ಕುಂಡ, ಮಾಟುಂಗದಲ್ಲಿ ಹಿತ್ತಾಳೆಯ ದೀಪ.

ಚೀಲದಲ್ಲಿ ಟೇಪು, ನಿಮ್ಮ ನೆಲ ಮತ್ತು ಗೋಡೆಯ ಬಣ್ಣದ ತುಣುಕು, ಒಂದು ಚಿಕ್ಕ ಅಯಸ್ಕಾಂತ ಇರಲಿ. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಅಂಟಿದರೆ ಅದು ಕಬ್ಬಿಣಕ್ಕೆ ಹಿತ್ತಾಳೆಯ ಲೇಪ, ಸಮುದ್ರದ ಗಾಳಿಗೆ ಬೇಗ ತುಕ್ಕು ಕಕ್ಕುತ್ತದೆ. ಮರದ ಸಾಮಾನಾದರೆ ಡ್ರಾಯರ್ ಪೂರ್ತಿ ಎಳೆದು ತಿರುಗಿಸಿ ನೋಡಿ. ಮುಂದಿನ ಹಲಗೆಗೂ ಪಕ್ಕದ ಹಲಗೆಗೂ ಹಲ್ಲಿನಂತೆ ಕಚ್ಚಿಸಿದ ಸಂದು ಇದ್ದರೆ ಕೈಕೆಲಸ ಇರಬಹುದು, ಮೊಳೆಯಷ್ಟೇ ಇದ್ದರೆ ಬಹುಶಃ ಹೊಸದು. ಹೊರಗೆ ಕಪ್ಪು ಪಾಲಿಶ್, ಡ್ರಾಯರ್ ಒಳಗೆ ಬೆಳ್ಳನೆಯ ಹಸಿಮರ ಎಂದರೆ "ನೂರು ವರ್ಷದ್ದು ಸಾಬ್" ಎಂಬ ಮಾತಿಗೆ ನಕ್ಕು ಅರ್ಧ ಬೆಲೆ ಹೇಳಿ.

1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರ್ ಜೆನರೆ ಚಂಡೀಗಢಕ್ಕಾಗಿ ರೂಪಿಸಿದ ತೇಗ, ಬೆತ್ತದ ಕುರ್ಚಿಗಳ ನಕಲು ಓಶಿವಾರಾದಲ್ಲಿ ಬೇಕಾದಷ್ಟಿದೆ. ನಕಲೆಂದು ತಿಳಿದೇ ಕೊಂಡರೆ ಬೇಸರವಿಲ್ಲ. ಬೆತ್ತ ಹೇಗೆ ಕೂರಿಸಿದ್ದಾರೆ ನೋಡಿ. ಚೌಕಟ್ಟಿನಲ್ಲಿ ಸಾಲು ತೂತಿದ್ದರೆ ಕೈಹೆಣಿಗೆ, ಚೌಕಟ್ಟಿನ ತೋಡಿನೊಳಗೆ ದಾರದಂಥ ಕಡ್ಡಿ ಒತ್ತಿದ್ದರೆ ರೋಲಿನ ಜಾಳಿಗೆ. ರೋಲಿನದು ಬೇಗ ಬದಲಿಸಬಹುದು, ಕೈಹೆಣಿಗೆ ಹೆಚ್ಚು ಬಾಳುತ್ತದೆ. ಜೋಲು ಬಿದ್ದ ಬೆತ್ತವನ್ನು ಕೆಳಗಿನಿಂದ ಒದ್ದೆ ಬಟ್ಟೆಯಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿದರೆ ಬಿಗಿಯಾಗುತ್ತದೆ.

ಹಳೆಯ ದೀಪ ತಂದರೆ ಒಳಗಿನ ವೈರು, ಹೋಲ್ಡರ್ ಎರಡನ್ನೂ ಎಲೆಕ್ಟ್ರಿಷಿಯನ್ ಕೈಲಿ ಬದಲಿಸಿಯೇ ಹಚ್ಚಿ. ಹಳೆ ವೈರಿನ ರಬ್ಬರು ಬಿರಿದಿರುತ್ತದೆ, ಲೋಹದ ದೀಪವಾದರೆ ಅರ್ಥಿಂಗ್ ಬೇಕೇ ಬೇಕು.

ಬೆರೆಸುವಾಗ ಯಜಮಾನ ಒಬ್ಬನೇ

ಎರಡು ಶೈಲಿ ಬೆರೆಸಿದರೆ ಒಂದು ಯಜಮಾನ, ಇನ್ನೊಂದು ಅತಿಥಿ. ಮೂರನೆಯದು ಬಂದರೆ ಅಂಗಡಿ. ಕೋಣೆಯ ಸುಮಾರು 60 ಪಾಲು ಒಂದು ಬಣ್ಣ, 30 ಪಾಲು ಇನ್ನೊಂದು, 10 ಪಾಲು ಎದ್ದುಕಾಣುವುದು ಎಂಬ ಲೆಕ್ಕ ಶುರುವಿಗೆ ಸರಿ. ಆ ಹತ್ತು ಪಾಲಿನ ಬಣ್ಣ ಒಂದೇ ಕಡೆ ಇರದೆ ಮೂರು ಕಡೆ ಕಾಣಿಸಲಿ, ದಿಂಬು, ಚಿತ್ರದ ಚೌಕಟ್ಟು, ಕುಂಡ ಹೀಗೆ. ಮರದ ಬಣ್ಣ ಎರಡಕ್ಕಿಂತ ಹೆಚ್ಚು ಬೇಡ.

ಬೆಳಕು ಕೆಟ್ಟರೆ ಯಾವ ಶೈಲಿಯೂ ನಿಲ್ಲುವುದಿಲ್ಲ. ಹಾಲಿಗೆ, ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್ ಬಲ್ಬು, ಅಡುಗೆ ಕಟ್ಟೆಗೆ 4000. ಬಲ್ಬಿನ ಡಬ್ಬಿಯ ಮೇಲಿರುವ ಈ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. 6500ರ ಬೆಳ್ಳನೆಯ ಬಲ್ಬಿನಡಿ ಮರವೂ ಹಿತ್ತಾಳೆಯೂ ಸತ್ತಂತೆ ಕಾಣುತ್ತವೆ. ಸೀಲಿಂಗ್ ಲೈಟು ಫ್ಯಾನಿನ ರೆಕ್ಕೆಯ ಮೇಲೆ ಬಂದರೆ ಇಡೀ ಕೋಣೆ ಮಿಣಮಿಣ ಎನ್ನುತ್ತದೆ. 48 ಇಂಚಿನ ಫ್ಯಾನಿನ ನಡುವಿನಿಂದ ಕನಿಷ್ಠ ಎರಡೂವರೆ ಅಡಿ ಆಚೆ ಲೈಟು ಹಾಕಿಸಿ. ಊಟದ ಮೇಜಿನ ತೂಗುದೀಪ ಮೇಜಿನಿಂದ 28-32 ಇಂಚು ಮೇಲಿರಲಿ, ಫ್ಯಾನಿನ ಗಾಳಿಗೆ ತೂಗಾಡದಷ್ಟು ಭಾರವಿರಲಿ. ಪರದೆಯ ಕಂಬಿ ಕಿಟಕಿಗಿಂತ 4-6 ಇಂಚು ಮೇಲೆ, ಬಟ್ಟೆಯ ಅಗಲ ಕಿಟಕಿಯ ಎರಡರಿಂದ ಎರಡೂವರೆ ಪಟ್ಟು. ಗೋಡೆಯ ಚಿತ್ರದ ನಡುಭಾಗ ನೆಲದಿಂದ 57-60 ಇಂಚಿಗೆ. ನಮ್ಮವರು ಸಾಮಾನ್ಯವಾಗಿ ಒಂದಡಿ ಮೇಲೆ ತೂಗುಹಾಕುತ್ತಾರೆ, ಹಿರಿಯರ ಫೋಟೋಕ್ಕೆ ಅದು ಸರಿ.

ದುಡ್ಡು ಸುರಿಯುವ ಮುಂಚೆ ಪರೀಕ್ಷೆ

ಬಣ್ಣವನ್ನು ಕಾರ್ಡು ನೋಡಿ ಆರಿಸಬೇಡಿ. ಚಿಕ್ಕ ಡಬ್ಬಿ ತಂದು ಎರಡಡಿ ಚೌಕದ ದಪ್ಪ ರಟ್ಟಿಗೆ ಎರಡು ಕೋಟು ಬಳಿದು, ಬೇರೆ ಬೇರೆ ಗೋಡೆಗೆ ಒರಗಿಸಿ ಹಗಲು ರಾತ್ರಿ ನೋಡಿ. ಗೋಡೆಗೇ ನೇರ ಬಳಿದರೆ ಹಳೆ ಬಣ್ಣ ಪಕ್ಕದಲ್ಲಿದ್ದು ಕಣ್ಣನ್ನು ತಪ್ಪಿಸುತ್ತದೆ. ಸೋಫಾ, ಮಂಚದ ಅಳತೆಗೆ ಹಳೆ ಪೇಪರ್ ಅಂಟಿಸಿ ನೆಲದ ಮೇಲೆ ಎರಡು ದಿನ ಬಿಡಿ. ಮಕ್ಕಳು ಅದರ ಮೇಲೆ ಎಷ್ಟು ಸಲ ತುಳಿದು ಓಡಾಡುತ್ತಾರೋ ಅಷ್ಟು ಸಲ ಸೋಫಾಕ್ಕೆ ಎಡವುತ್ತಾರೆ.

ಹೊರಗೋಡೆಗೆ ವಾಲ್‌ಪೇಪರ್ ಅಥವಾ ಪ್ಯಾನೆಲ್ ಹಾಕುವ ಮುಂಚೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪಿನಿಂದ ಮುಚ್ಚಿ 48 ಗಂಟೆ ಬಿಡಿ. ಗೋಡೆಯ ಕಡೆಗೆ ನೀರಿನ ಹನಿ ಕಟ್ಟಿದರೆ ಗೋಡೆಯಲ್ಲಿ ತೇವ ಇದೆ, ಮೊದಲು ಲೀಕೇಜ್ ರಿಪೇರಿ. ಈ ಪರೀಕ್ಷೆ ಮಳೆಗಾಲದಲ್ಲಿ ಮಾಡಿದರೇ ಅರ್ಥ, ಮಾರ್ಚಿನಲ್ಲಿ ಎಲ್ಲ ಗೋಡೆಯೂ ಒಣಗೇ ಇರುತ್ತದೆ. ಸೆಣಬಿನ ಕಾರ್ಪೆಟ್ಟು ಕರಾವಳಿಯ ಮಳೆಗಾಲದಲ್ಲಿ ವಾಸನೆ ಹಿಡಿಯುತ್ತದೆ, ಚರ್ಮಕ್ಕೂ ಬೆತ್ತಕ್ಕೂ ಬೂಷ್ಟು ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಇವನ್ನು ಗೋಡೆಗೆ ತಾಗಿಸದೆ ಎರಡಿಂಚು ಬಿಟ್ಟಿಡಿ. ಪುಣೆಯಲ್ಲಿ ಈ ಕಾಟ ಕಡಿಮೆ.

ಬಾಡಿಗೆ ಮನೆಯಲ್ಲಿ, 11 ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನಲ್ಲಿ ಇರುವವರು ಗೋಡೆ ಮುಟ್ಟದೆ ಪರದೆ, ದೀಪ, ಜಮಖಾನ, ಕಾಲಿನ ಮೇಲೆ ನಿಲ್ಲುವ ಕಪಾಟು ಇಷ್ಟರಲ್ಲೇ ಶೈಲಿ ತರಬಹುದು. ಮನೆ ಬಿಡುವಾಗ ಎಲ್ಲ ಜತೆಗೇ ಬರುತ್ತವೆ.

ಸುತಾರನ ಕೈಗೆ ಕೊಡುವಾಗ

ಬರೀ ಚಿತ್ರ ತೋರಿಸಿ "ಐಸಾ ಚಾಹಿಯೆ" ಎಂದರೆ ಅವನಿಗೆ ಹೊಳೆದದ್ದು ಬರುತ್ತದೆ. ಚಿತ್ರದ ಮೇಲೆ ಬೇಕಾದ ಭಾಗಕ್ಕೆ ಮಾತ್ರ ಸುತ್ತುಹಾಕಿ, ಪಕ್ಕದಲ್ಲಿ ಉದ್ದ, ಆಳ, ಎತ್ತರ ಬರೆದುಕೊಡಿ. ಪ್ಲೈ ಯಾವುದೆಂದು ಕೊಟೇಶನ್ನಿನಲ್ಲೇ ಬರೆಸಿ: ಅಡುಗೆಮನೆ, ಬಾತ್‌ರೂಮಿನ ಬಳಿ ಐಎಸ್ 710ರ ಮರೀನ್ ಪ್ಲೈ, ಉಳಿದೆಡೆ ಐಎಸ್ 303ರ ಬಿಡಬ್ಲ್ಯೂಆರ್, ಅಂದರೆ ಕುದಿನೀರು ತಡೆಯುವ ದರ್ಜೆಯದು. ಹಲಗೆಯ ಮೇಲೆ ಮುದ್ರೆ ಇರುತ್ತದೆ, ಕತ್ತರಿಸುವ ಮುಂಚೆ ಫೋಟೋ ತೆಗೆಯಿರಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒದ್ದೆಯಾದರೆ ರಸ್ಕಿನಂತೆ ಉಬ್ಬುತ್ತದೆ, ಸಿಂಕಿನ ಕೆಳಗೆ ಬೇಡವೇ ಬೇಡ. ಸಮುದ್ರದ ಹತ್ತಿರ ಹಿಂಜು, ಹ್ಯಾಂಡಲ್ 304 ದರ್ಜೆಯ ಸ್ಟೀಲಿನವು, ತೀರದ ಮೊದಲ ಸಾಲಿನಲ್ಲಾದರೆ 316.

ಸೊಸೈಟಿಯ ಎನ್‌ಒಸಿ, ಡಿಪಾಸಿಟ್, ಕೆಲಸದ ಸಮಯ, ಕಸ ಸಾಗಿಸುವ ನಿಯಮ ಮೊದಲೇ ಕೇಳಿ. ತೊಲೆ, ಕಂಬ, ಹೊರಗಿನ ಗ್ರಿಲ್ಲು ಮುಟ್ಟುವಂತಿಲ್ಲ. ಪೇಂಟಿಂಗ್ ಕೆಲಸ ಮಳೆಗಾಲಕ್ಕೆ ಬೀಳದಂತೆ ನೋಡಿಕೊಳ್ಳಿ, ಪುಟ್ಟಿ ಒಣಗುವುದಿಲ್ಲ. ಹೋಳಿ, ಗಣಪತಿ, ದೀಪಾವಳಿ ಹಬ್ಬಗಳಿಗೆ ಕೆಲಸದವರು ಊರಿಗೆ ಹೊರಟುಬಿಡುತ್ತಾರೆ. ಎಮಲ್ಶನ್ ಒಂದು ಲೀಟರಿಗೆ ಒಂದು ಕೋಟಿನಲ್ಲಿ ಸುಮಾರು 120-140 ಚದರಡಿ ಹಿಡಿದು ಲೆಕ್ಕ ಹಾಕಿ, ಒಂದೇ ಬ್ಯಾಚಿನ ಡಬ್ಬಿ ತರಿಸಿ, ಅರ್ಧ ಲೀಟರಿನಷ್ಟನ್ನು ಮುಚ್ಚಳ ಬಿಗಿದು ಬಣ್ಣದ ನಂಬರ್ ಬರೆದಿಡಿ. ಕೊನೆಯ ಕಂತು ಕೊಡುವ ಮುಂಚೆ ಪ್ರತಿ ಬಾಗಿಲು, ಡ್ರಾಯರ್ ಹತ್ತು ಸಲ ತೆರೆದು ಮುಚ್ಚಿ. ಉಜ್ಜುವುದು, ಜೋಲುವುದು ಇದ್ದರೆ ಅಲ್ಲೇ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಎಲ್ಲ ಗುರುತು ಅಳಿಸಿದ ಮೇಲೆ ದುಡ್ಡು ಕೊಡಿ.